ಎತ್ತು ಕಟ್ಟಿದ ನಮ್ಮ ಮನೆ

ನಿಂತ ಮನೆಯಲ್ಲಿ ಸಂಸಾರ ಮಾಡುವವರಿಗೆ ಫಜೀತಿ ಯಾವಾಗಲೋ ಒಮ್ಮೆ ಬರುತ್ತದೆ. ನಮ್ಮದು ಉರುಳುವ ಮನೆ, ಮೈಲಿಗೊಂದರಂತೆ ಬರುತ್ತಿತ್ತು.

ನಮ್ಮ ಯಜಮಾನರು ಮಹಾರಾಜರ ಸರ್ಕಾರದಲ್ಲಿ ರಸ್ತೆ ಓವರ್‌ಸಿಯರ್. ಜಲ್ಲಿ ಎಲ್ಲಿ ಬೀಳುತ್ತದೋ ಅಲ್ಲಿ ನಮ್ಮ ಬಿಡಾರ. ಕೊರಟಗೆರೆಯಲ್ಲಿ ಒಂದು ತಿಂಗಳು, ಮಧುಗಿರಿಯಲ್ಲಿ ಎರಡು, ಅಷ್ಟರಲ್ಲಿ ಪಾವಗಡದ ರಸ್ತೆ. ಒಂಬತ್ತನೇ ಸಲ ಪಾತ್ರೆ ಕಟ್ಟುವಾಗ ನಾನು ಒರಳುಕಲ್ಲಿನ ಮೇಲೆ ಕೂತುಬಿಟ್ಟೆ. "ಇನ್ನು ನನ್ನ ಕೈಲಾಗಲ್ಲ. ಬೇಕಾದ್ರೆ ಮನೆಯನ್ನೇ ಹೊತ್ಕೊಂಡು ಹೋಗಿ" ಅಂದೆ.

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಯಜಮಾನರು ಇಲಾಖೆಯ ಮನುಷ್ಯ, ಬಾಯಿಮಾತನ್ನೂ ಆರ್ಡರ್ ಅಂತಲೇ ತಗೊಳ್ಳುವವರು. ಆಗ ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಮಧುಗಿರಿಯಲ್ಲಿ ಒಬ್ಬರ ಬಸ್ಸು ಇಂಜಿನ್ ಕಳಚಿಕೊಂಡು ಹಿತ್ತಲಲ್ಲಿ ಕೂತಿತ್ತು. ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಹಿತ್ತಲು ಖಾಲಿಯಾದರೆ ಸಾಕೆಂದು ಅವರು ಅದನ್ನು ನಮಗೆ ಕೊಟ್ಟುಬಿಟ್ಟರು. ನಾಲ್ಕು ಗಾಡಿಚಕ್ರ, ಎರಡು ಜೋಡಿ ಎತ್ತು, ಒಬ್ಬ ಗಾಡಿಯವ, ಇಷ್ಟು ಹೊಂದಿಸಿದ್ದಾಯಿತು. ಒಳಗೆ ಇರಬೇಕಾದವರು ನಾವಿಬ್ಬರು, ನಮ್ಮ ಅತ್ತೆ, ಮದುವೆಯ ವಯಸ್ಸಿಗೆ ಬಂದಿದ್ದ ನಾದಿನಿ.

೧. ಯಾರಿಗೆ ಎಲ್ಲಿ ಜಾಗ

ಬಸ್ಸನ್ನು ಮನೆ ಮಾಡಲು ಶಿರಾದಿಂದ ಬಡಗಿ ಸಾಬರು ಬಂದರು. ಅತ್ತೆ ಮೆಟ್ಟಿಲ ಮೇಲೆ ನಿಂತು ಒಂದೊಂದೇ ಹೇಳುತ್ತಾ ಹೋದರು. ಡ್ರೈವರ್ ಕೂರುವ ಜಾಗದಲ್ಲಿ ಪೂಜೆ. ಹಿಂದುಗಡೆ ಒಲೆ, ಹೊಗೆ ಹೋಗಲು ಮೇಲೆ ಕಂಡಿ. ಸೀಟುಗಳ ಕೆಳಗೆಲ್ಲ ಪೆಟ್ಟಿಗೆ. ಒಂದರಲ್ಲಿ ರಾಗಿ, ಒಂದರಲ್ಲಿ ಹುರುಳಿ, ಒಂದರಲ್ಲಿ ಕಡಲೆಕಾಯಿ. ಬಸ್ಸಿನ ನೆತ್ತಿಯ ಮೇಲೆ ಸಂಡಿಗೆ ಒಣಹಾಕಲು ಹಲಗೆ. ಉಪ್ಪಿನಕಾಯಿ ಜಾಡಿಗಳು ಅಲುಗದ ಹಾಗೆ ಒಂದೊಂದಕ್ಕೂ ಒಂದೊಂದು ಗೂಡು.

ಸಾಬರು "ಅಚ್ಛಾ ಅಮ್ಮ, ಆಯ್ತಮ್ಮ" ಎನ್ನುತ್ತಾ ಹದಿನೈದು ದಿನ ಕೆಲಸ ಮಾಡಿದರು. ಕೊನೆಯ ದಿನ ಒಳಗೆ ಅಡ್ಡಡ್ಡ ನಡೆದು ಎಲ್ಲವನ್ನೂ ಮುಟ್ಟಿ ನೋಡಿ, ಹೊರಗೆ ಬಂದು ಉಳಿ ಕೆಳಗಿಟ್ಟರು.

"ದೇವರಿಗೆ ಜಾಗ ಆಯ್ತು, ಒಲೆಗೆ ಆಯ್ತು, ಉಪ್ಪಿನಕಾಯಿಗೆ ಖಾಸಾ ಜಾಗ ಆಯ್ತು. ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ ಅಮ್ಮ. ಮನುಷ್ಯರು ಯಾವ ಬಸ್ಸಲ್ಲಿ ಇರ್ತಾರೆ?"

೨. ಪೂರ್ವದ ಬಾಗಿಲು

ಗೃಹಪ್ರವೇಶಕ್ಕೆ ಬಂದ ಅಯ್ನೋರು ಬಾಗಿಲು ಪೂರ್ವಕ್ಕಿರಬೇಕು ಅಂದರು. "ಅದಕ್ಕೇನ್ ಬುದ್ಧಿ, ಈಗಲೇ ತಿರುಗಿಸ್ಬುಡ್ತೀನಿ" ಎಂದು ಗಾಡಿಯವ ಎತ್ತಿನ ಮೂಗುದಾರ ಹಿಡಿದ. ಒಂದು ಮನೆಯ ದೋಷ ಇಷ್ಟು ಬೇಗ ಪರಿಹಾರವಾದದ್ದನ್ನು ಅಯ್ನೋರು ತಮ್ಮ ಆಯುಷ್ಯದಲ್ಲೇ ಕಂಡಿರಲಿಲ್ಲ.

ಅತ್ತೆ ಇದನ್ನು ಕಾಯಂ ಮಾಡಿಕೊಂಡರು. ಎಲ್ಲಿ ನಿಂತರೂ ಬಾಗಿಲು ಪೂರ್ವಕ್ಕೇ. ಕೊರಟಗೆರೆ ಹತ್ತಿರ ನಮಗೆ ಸಿಕ್ಕಿದ್ದು ಒಂದೇ ಹುಣಸೆಮರದ ನೆರಳು. ಅದರ ಪೂರ್ವಕ್ಕೆ ಕತ್ತಾಳೆ ಬೇಲಿ. ಬಾಗಿಲು ತೆಗೆದರೆ ಮುಳ್ಳು ಒಳಗೇ ಬರುತ್ತಿತ್ತು. "ಇರಲಿ ಬಿಡೇ, ಅದು ಲಕ್ಷ್ಮಿ ಬರೋ ದಾರಿ" ಅಂದರು ಅತ್ತೆ. ಎಂಟು ದಿನ ನಾವು ಪಶ್ಚಿಮದ ಕಿಟಕಿಯಿಂದಲೇ ಹತ್ತಿ ಇಳಿದೆವು. ನೀರಿನ ಕೊಡ ಮೊದಲು, ನಾನು ಆಮೇಲೆ.

ಎಂಟನೆಯ ದಿನ ಯಜಮಾನರ ಮೇಲಿನ ಇಂಜಿನಿಯರು ತನಿಖೆಗೆ ಬಂದರು. ಕೋಟು, ಜರಿಪೇಟ, ದೊಡ್ಡ ಆಳು. ಒಳಗೆ ಬನ್ನಿ ಅನ್ನದೆ ಇರಲಾಗುತ್ತದೆಯೇ? ಕಿಟಕಿಯಲ್ಲಿ ಪೇಟ ಮೊದಲು ಬಂತು, ಆಮೇಲೆ ತಲೆ, ಆಮೇಲೆ ಎರಡು ಕೈ. ಹೊಟ್ಟೆ ಬರಲಿಲ್ಲ. ಹಿಂದಕ್ಕೆ ಹೋಗಲೂ ಇಲ್ಲ. ಹೊರಗೆ ಯಜಮಾನರು ಅವರ ಕಾಲು ಹಿಡಿದು ನಿಂತಿದ್ದರು. ಒಳಗೆ ಅತ್ತೆ ಅವರ ಕೈಗೆ ಕಾಫಿ ಲೋಟ ಕೊಟ್ಟು ವಿನಯದಿಂದ ಹೇಳಿದರು:

"ಸಂಕೋಚ ಬೇಡಿ. ನಿಮ್ಮ ಮನೆ ಅಂದ್ಕೊಂಡು ಆರಾಮಾಗಿರಿ."

೩. ರೇಷನ್ ಕಾರ್ಡು

ಸಕ್ಕರೆ, ಸೀಮೆಎಣ್ಣೆಗೆ ಕಾರ್ಡು ಬೇಕಾಯಿತು. ಮಧುಗಿರಿ ಕಚೇರಿಯ ಗುಮಾಸ್ತರು ಲೇಖನಿ ಅದ್ದಿ, "ಮನೆ ನಂಬರು?" ಅಂದರು. ನಾನು ಬಸ್ಸಿನ ನಂಬರು ಹೇಳಿದೆ.

"ಬೀದಿ?"

"ಪಾವಗಡ ರಸ್ತೆ."

"ಎಷ್ಟನೇ ಮೈಲಿ?"

"ಇವತ್ತಿನದೋ, ಸೋಮವಾರದ್ದೋ?"

ಅವರು ಲೇಖನಿ ಕೆಳಗಿಟ್ಟು, ಸ್ಥಳ ತನಿಖೆ ಆಗಬೇಕು ಅಂದರು. ಸೈಕಲ್ ತುಳಿದುಕೊಂಡು ಹನ್ನೆರಡನೇ ಮೈಲಿಗೆ ಬಂದಾಗ ನಾವು ಹದಿನಾಲ್ಕರಲ್ಲಿದ್ದೆವು. ಹದಿನಾಲ್ಕಕ್ಕೆ ಬಂದಾಗ ಹದಿನೇಳರಲ್ಲಿ. ಬೆಲ್ಲದ ಕಾಫಿ ಕುಡಿದು ಕುಡಿದು ಬೇಸತ್ತ ಯಜಮಾನರು ಕೊನೆಗೆ ತಾವೇ ಕಚೇರಿಗೆ ಹೋಗಿ ನಮ್ಮ ಅರ್ಜಿ ತೆಗೆಸಿ ನೋಡಿದರು. ಅದರ ಮೇಲೆ ಗುಂಡಾದ ಅಕ್ಷರದಲ್ಲಿ ಬರೆದಿತ್ತು:

"ತನಿಖೆ ಮಾಡಲಾಯಿತು. ಸ್ಥಳ ಇದೆ. ಮನೆ ಇಲ್ಲ."

೪. ಬಸ್ಸು ಬಂತು

ಬಸ್ಸಿನ ಹಣೆಯ ಮೇಲೆ 'ಮಧುಗಿರಿ – ಪಾವಗಡ' ಎಂಬ ಬರಹ ಹಾಗೇ ಇತ್ತು. ಒಳ್ಳೆಯ ಬಣ್ಣ, ಯಾಕೆ ಕೆರೆಯಬೇಕು ಅಂತ ಯಜಮಾನರು ಬಿಟ್ಟಿದ್ದರು. ಆಗ ಪೆಟ್ರೋಲ್ ಬದಲು ಇದ್ದಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಿಡಿಗೇಶಿ ದಾಟಿದ ಮೇಲೆ ಒಂದು ಮರದ ಕೆಳಗೆ ಜನ ಬೆಳಗಿನಿಂದ ಕಾದು ಕೂತಿದ್ದರು. ಎತ್ತುಗಳಿಗೆ ನೀರು ಕುಡಿಸಲು ಗಾಡಿಯವ ಅಲ್ಲೇ ನಿಲ್ಲಿಸಿದ. ನಾನು ಒಳಗೆ ಮಜ್ಜಿಗೆ ಕಡೆಯುತ್ತಿದ್ದೆ. ತಲೆ ಎತ್ತಿದರೆ ರಾಗಿ ಪೆಟ್ಟಿಗೆಯ ಮೇಲೆ ಮೂವರು, ಹುರುಳಿಯ ಮೇಲೆ ಇಬ್ಬರು, ಬಾಗಿಲಲ್ಲಿ ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಮುದುಕಿ.

"ಅಮ್ಮಾ, ಪಾವಗಡಕು ಪೋತಾದಾ?" ಪಾವಗಡಕ್ಕೆ ಹೋಗುತ್ತದಾ ಅಂತ ಕೇಳಿದಳು ಮುದುಕಿ, ಆ ಕಡೆಯವರ ತೆಲುಗಿನಲ್ಲಿ.

"ಇದು ಬಸ್ಸಲ್ಲ ಕಣಮ್ಮ, ಮನೆ!" ಅಂದೆ.

"ಇಲ್ಲೈತೇ ಏಮಮ್ಮಾ, ಪೋತಾದಿ ಗದಾ?" ಅಂದಳು. ಮನೆಯಾದರೇನಂತೆ, ಹೋಗುತ್ತದಲ್ಲ! ನಾನು ಮಜ್ಜಿಗೆ ಮಡಕೆ ಜರುಗಿಸಿ ಜಾಗ ಮಾಡಿದೆ. ಕೋಳಿಯೂ ಬಂದು ಕೂತಿತು.

ಬಿಸಿಲು ಸುಡುತ್ತಿತ್ತು. ಕಡೆದ ಮಜ್ಜಿಗೆಯನ್ನು ಎಲ್ಲರಿಗೂ ಒಂದೊಂದು ಲೋಟ ಕೊಟ್ಟೆ. ಪಾವಗಡದ ಬೆಟ್ಟ ಕಾಣುವ ಹೊತ್ತಿಗೆ ಹಿಂದಿನಿಂದ ನಿಜವಾದ ಬಸ್ಸು ಹೊಗೆ ಕಾರುತ್ತಾ ಬಂದು ನಿಂತಿತು. ಕಂಡಕ್ಟರ್ ಕೂಗಿ ಕೂಗಿ ಕರೆದ. ಒಬ್ಬರೂ ಇಳಿಯಲಿಲ್ಲ. ರಾಗಿ ಪೆಟ್ಟಿಗೆಯ ಮೇಲಿದ್ದ ಹಿರಿಯನೊಬ್ಬ ಕಿಟಕಿಯಿಂದ ತಲೆ ಹಾಕಿ ಹೇಳಿದ:

"ಹೋಗಯ್ಯ, ನಿನ್ ಬಸ್ಸಲ್ಲಿ ಮಜ್ಜಿಗೆ ಕೊಟ್ಟಿದ್ದೀಯಾ ಯಾವತ್ತಾದ್ರೂ?"

೫. ಕಾಗದ ಬರೀತೀವಿ

ನಾದಿನಿಯನ್ನು ನೋಡಲು ಎರಡು ಕಡೆಯವರು ಬಂದು, ಚಕ್ರದ ಮೇಲೆ ಇರುವವರ ಜೊತೆ ಎಂಥ ಸಂಬಂಧ ಎಂದು ಹೋಗಿದ್ದರು. ಎರಡು ಸಲವೂ ಅವಳು ಒಲೆಯ ಹತ್ತಿರ ಕೂತು ಕಣ್ಣೊರೆಸಿಕೊಂಡು, ಹೊಗೆ ಅಂದಿದ್ದಳು. ಒಲೆ ಹಚ್ಚಿರಲಿಲ್ಲ.

ಮೂರನೆಯವರು ಪಟ್ಟನಾಯಕನಹಳ್ಳಿ ಕಡೆಯವರು. ಆಗ ನಮ್ಮ ಮನೆ ಗೌಡಗೆರೆ ಹತ್ತಿರ ಒಂದು ಇಳಿಜಾರಿನಲ್ಲಿ ನಿಂತಿತ್ತು. ಮುಂದೆ ಬತ್ತಿದ ಕೆರೆ. ಎತ್ತುಗಳನ್ನು ಮೇಯಲು ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟಿದ್ದೆವು. ಹುಡುಗ ಶಾಲೆಯ ಮೇಷ್ಟ್ರು. ಮಾತು ಕಮ್ಮಿ. ಮೂರು ಸಲ ಉಪ್ಪಿಟ್ಟು ಹಾಕಿಸಿಕೊಂಡ, ಮೂರು ಸಲವೂ ನಾದಿನಿಯ ಮುಖ ನೋಡಿದ. ಅವಳೂ ನೋಡಿದಳು. ನಮಗೆ ಉಸಿರು ಬಂತು.

ಆದರೆ ಹುಡುಗನ ತಂದೆ ಸೂರು ನೋಡಿದರು, ನೆಲ ನೋಡಿದರು, ಬಾಯಿ ಒರೆಸಿಕೊಂಡರು. "ಹುಡುಗಿ ಲಕ್ಷಣವಾಗಿದ್ದಾಳೆ. ಆದ್ರೆ ನಾವು ಮನೆ ನೋಡಿ ಹೆಣ್ಣು ತರೋರು. ಊರಿಗೆ ಹೋಗಿ ಕಾಗದ ಬರೀತೀವಿ."

ಅಂಥ ಕಾಗದ ಯಾರ ಮನೆಗೂ ಬಂದದ್ದಿಲ್ಲ. ನಾದಿನಿ ತಟ್ಟೆ ಎತ್ತಿಕೊಂಡು ಒಲೆಯ ಹತ್ತಿರ ಹೋಗಿ ಕೂತಳು. ಮೇಷ್ಟ್ರು ನೆಲ ನೋಡಿದ. ಅತ್ತೆ ಮಾತ್ರ ಎಲೆಅಡಿಕೆ ಉಗಿದು ಬರುತ್ತೇನೆಂದು ಇಳಿದು ಹೋಗಿ, ಸ್ವಲ್ಪ ಹೊತ್ತಿಗೆ ಸೆರಗು ಒದರಿಕೊಂಡು ಬಂದು ಕೂತರು.

ಬಂದವರನ್ನು ಕಳಿಸಿಕೊಡಲು ಯಜಮಾನರು ಮೊದಲು ಇಳಿದರು. ಹುಡುಗನ ತಂದೆಯೂ ಹೊರಡಲು ಎದ್ದರು. ಅವರು ಎದ್ದ ಭಾರಕ್ಕೆ ಮನೆ ಒಮ್ಮೆ ಕಿರುಗುಟ್ಟಿತು, ಆಮೇಲೆ ಕದಲಿತು, ಆಮೇಲೆ ಹೊರಟೇಬಿಟ್ಟಿತು.

ಅವರು ದೊಪ್ಪನೆ ಕೂತರು. "ನಿಲ್ಸ್ರೀ! ಯಾರಾದ್ರೂ ನಿಲ್ಸ್ರೀ!" ಹುಡುಗನ ತಾಯಿ ನನ್ನನ್ನು ತಬ್ಬಿಕೊಂಡರು. ಕಿಟಕಿಯ ಹೊರಗೆ ಯಜಮಾನರೂ ಗಾಡಿಯವನೂ "ಲೇ, ಲೇ" ಎನ್ನುತ್ತಾ ಮನೆಯ ಹಿಂದೆ ಓಡಿಬರುತ್ತಿದ್ದರು. ಅತ್ತೆ ಒಂದು ಕೈಯಲ್ಲಿ ಕಂಬಿ ಹಿಡಿದು, ಸಮಾಧಾನವಾಗಿ ಹೇಳಿದರು:

"ಬೀಗರೇ, ಒಪ್ಪಿಗೆ ಅಂದ್ಬುಡಿ. ನಿಲ್ಲುತ್ತೆ."

"ಒಪ್ಪಿಗೆ! ಒಪ್ಪಿಗೆ ಕಣಮ್ಮ!"

ಮನೆ ಕೆರೆಯ ಮರಳಿಗೆ ಇಳಿದು ಮೆತ್ತಗೆ ನಿಂತಿತು. ಯಾರಿಗೂ ಒಂದು ಗೀರು ಆಗಲಿಲ್ಲ. ಮೇಷ್ಟ್ರು ಅಪ್ಪನ ಕಡೆ ತಿರುಗಿ ಅಂದು ಆಡಿದ ಒಂದೇ ಮಾತು: "ಅಪ್ಪಾ, ಎಲ್ಲರೂ ಕೇಳಿಸ್ಕೊಂಡಿದ್ದಾರೆ."

ಮದುವೆ ಮುಗಿದು ನಾದಿನಿಯನ್ನು ಕಳಿಸಿಕೊಟ್ಟ ಮೇಲೆ ನಾನು ಅತ್ತೆಯನ್ನು ಕೇಳಿದೆ. "ಅಲ್ಲ ಅತ್ತೆ, ಆವತ್ತು ಮುಂದೆ ಮರಳಿದೆ, ನಿಂತೇ ನಿಲ್ಲುತ್ತೆ ಅಂತ ನಿಮಗೆ ಹೆಂಗೆ ಗೊತ್ತಿತ್ತು?"

ಅತ್ತೆ ಎಲೆಗೆ ಸುಣ್ಣ ಸವರುತ್ತಾ ಅಂದರು:

"ನೋಡ್ಕೊಳ್ಳದೆ ಕಲ್ಲು ತೆಗೀತೀನೇನೇ ನಾನು?"