ಮಗುಟ ಉಟ್ಟ ಚೆಂಡು

ನಮ್ಮ ಕಾಕಾ ಇಂಟರ್‌ನ್ಯಾಷನಲ್ ಫಾಸ್ಟ್ ಬೌಲರ್ ಆಗಿದ್ದರು. ನಗಬೇಡಿ! ರೆಕಾರ್ಡ್ ಪುಸ್ತಕಗಳಲ್ಲಿ ಹುಡುಕಲೂ ಬೇಡಿ. ಅವರ ಇಡೀ ಕರಿಯರ್ ಆರು ಬಾಲುಗಳದ್ದು. ಆರೇ ಆರು! ಆದರೆ ಎದುರಿಗೆ ಬ್ಯಾಟು ಹಿಡಿದು ನಿಂತವನು ಅಪ್ಪಟ ಪರದೇಶದವನು, ನಮ್ಮ ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದವನು. ಹಾಗಿದ್ದ ಮೇಲೆ ಇಂಟರ್‌ನ್ಯಾಷನಲ್ ಅಲ್ಲದೆ ಇನ್ನೇನು, ನೀವೇ ಹೇಳಿ?

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಸವಣೂರಿನ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರು. ಲಗ್ನದ ಮಾತು ತೆಗೆದವರಿಗೆ "ಸೀಸನ್ ಮುಗೀಲಿ" ಎನ್ನುತ್ತಿದ್ದರು. ಆ ಸೀಸನ್ ಮುಗಿಯಲೇ ಇಲ್ಲ. ಮನೆಯಲ್ಲಿ ಅವರು, ನಮ್ಮ ಅಜ್ಜಿ, ಇಬ್ಬರೇ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದುತ್ತಿದ್ದ ನಾನು ರಜೆ ಸಿಕ್ಕ ಕೂಡಲೇ ಬಸ್ಸು ಹತ್ತಿ ಅಲ್ಲಿಗೆ ಓಡುತ್ತಿದ್ದೆ. ಐವತ್ತರ ದಶಕದ ಕೊನೆಯ ಮಾತಿದು. ಬೆಳಿಗ್ಗೆ ಆರಕ್ಕೆ ಸಂಧ್ಯಾವಂದನೆ, ಏಳಕ್ಕೆ ಬೌಲಿಂಗ್. ಎರಡರಲ್ಲಿ ಯಾವುದಕ್ಕೆ ಭಕ್ತಿ ಹೆಚ್ಚು ಎಂದು ಮಾತ್ರ ಕೇಳಬೇಡಿ. ಕಾಕಾನಿಗೆ ಈ ಜನ್ಮದಲ್ಲಿ ಇದ್ದ ಆಸೆ ಒಂದೇ: ಪರದೇಶದ ಒಬ್ಬನನ್ನಾದರೂ ಕ್ಲೀನ್ ಬೌಲ್ಡ್ ಮಾಡಬೇಕು!

ಅಡ್ಡಿಯೂ ಒಂದೇ. ಕ್ರಿಕೆಟ್ ಚೆಂಡು ತೊಗಲಿನದು! ನಮ್ಮದು ಹೇಳಿಕೇಳಿ ಆಚಾರದ ವೈಷ್ಣವ ಮನೆ. ಅಜ್ಜಿ ದಿನಕ್ಕೆ ಒಪ್ಪತ್ತು ಉಣ್ಣುವ, ಒಗೆದ ಸೀರೆಯನ್ನು ಕೋಲಿನಿಂದಲೇ ಒಣಹಾಕುವ ಮಡಿಹೆಂಗಸು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಕಾಕಾನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಮಗ ಮುಟ್ಟುವುದು ಏನನ್ನು ಎಂದು ಗೊತ್ತಾದ ದಿನ ಪಡಸಾಲೆಯಲ್ಲಿ ನಡೆದ ವಾದ ನನಗೆ ಈಗಲೂ ಬಾಯಿಪಾಠ.

"ತೊಗಲು ಮುಟ್ಟಿದ ಕೈಲೆ ನನ್ನ ಅಡಿಗಿಮನಿಗೆ ಬರಬ್ಯಾಡ ನೋಡು!"

"ಹಂಗಾದ್ರ ಮೃದಂಗ ಬಾರಸವ್ರು ಏನ್ ಮಾಡಬೇಕವ್ವಾ? ಅದೂ ತೊಗಲಽ ಅಲ್ಲೇನು?"

"ಅವ್ರು ದೇವ್ರ ಮುಂದ ಬಾರಸ್ತಾರ."

"ನಾನೂ ಹಣಮಪ್ಪನ ಗುಡಿ ಮುಂದಽ ಒಗೀತೀನಲ್ಲಾ!"

"ಒಗದು ಒಗದು ಹಣಮಪ್ಪ ಔಟ್ ಆದನೇನು?"

ಎಂಟು ದಿನ ಮನೆಯಲ್ಲಿ ಮಾತಿಲ್ಲ. ಒಂಬತ್ತನೆಯ ದಿನ ಅಜ್ಜಿಯೇ ದಾರಿ ಹುಡುಕಿದಳು. ರೇಷ್ಮೆಗೆ ಮೈಲಿಗೆಯಿಲ್ಲ, ಅದು ಮಡಿಯ ಬೇಸಿಕ್ ರೂಲು. ತೀರಿಹೋದ ಅಜ್ಜನ ಮಗುಟವನ್ನು, ಅಂದರೆ ಅವರು ಪೂಜೆಗೆ ಉಡುತ್ತಿದ್ದ ರೇಷ್ಮೆಯ ಧೋತರವನ್ನು, ಪೆಟ್ಟಿಗೆಯಿಂದ ತೆಗೆದು ಕತ್ತರಿಸಿದಳು. ಕಾಕಾ ಚೆಂಡನ್ನು ಇಕ್ಕಳದಲ್ಲಿ ಹಿಡಿದು ಕೂತರು. ಅಜ್ಜಿ ತಾನು ಅದನ್ನು ಮುಟ್ಟದ ಹಾಗೆ ಸುತ್ತಲೂ ಬಿಗಿಯಾದ, ಬೇಕಾದಾಗ ದಾರ ಸಡಿಲಿಸಿ ಬಿಚ್ಚಬಹುದಾದ ಗವಸು ಹೊಲಿದಳು. ಹೀಗೆ ಜಗತ್ತಿನಲ್ಲೇ ಮೊದಲ ಬಾರಿಗೆ ಕ್ರಿಕೆಟ್ ಚೆಂಡೊಂದು ಮಗುಟ ಉಟ್ಟಿತು! ಜೊತೆಗೆ ಒಂದು ಆಣೆ: ಬರೀ ತೊಗಲನ್ನು ಕಾಕಾ ಎಂದಾದರೂ ಮುಟ್ಟಿದರೆ ತಾಯಿಯ ಅಡುಗೆಮನೆಯಲ್ಲಿ ಅವರಿಗೆ ಎಲೆಯಿಲ್ಲ.

ಆಮೇಲೆ ನಡೆದದ್ದೇ ಪವಾಡ. ಆ ಚೆಂಡು ಗಾಳಿಯಲ್ಲಿ ಹಾವಿನ ಹಾಗೆ ಹೊರಳುತ್ತಿತ್ತು! ಅಕ್ಕಿಆಲೂರಿನ ರೈಸ್ ಮಿಲ್ಲಿನವರ ಟೀಮು ಊಟದ ಹೊತ್ತಿಗೆ ಆಲೌಟ್. ಆಡೂರಿನ ಒಬ್ಬ ಬ್ಯಾಟ್ಸ್‌ಮನ್ ತಮ್ಮೂರ ಶಾಸನದ ಕಲ್ಲಿನಷ್ಟೇ ಅಲುಗಾಡದೆ ನಿಂತವನು, ಔಟಾದ ಮೇಲೂ ಹಾಗೆಯೇ ನಿಂತಿದ್ದ. ಶಿಗ್ಗಾಂವಿಯ ಕ್ಯಾಪ್ಟನ್ ಮಾತ್ರ ತಕರಾರು ತೆಗೆದ.

"ಏನ್ರೀ ಮಾಸ್ತರ, ಇದು ಚೆಂಡೋ, ದೇವ್ರ ಪ್ರಸಾದೋ?"

"ಬ್ಯಾಡಾದ್ರ ನಿಮ್ಮ ಚೆಂಡು ತರ್ರೀ," ಎಂದರು ಕಾಕಾ.

ಅವರ ಹತ್ತಿರ ಎಲ್ಲಿತ್ತು? ಸುತ್ತ ನಾಲ್ಕು ತಾಲೂಕಿನಲ್ಲಿ ಚೆಂಡು ಎಂಬುದು ಇದ್ದದ್ದೇ ಅದೊಂದು!

ನಮ್ಮ ವಿಕೆಟ್ ಕೀಪರು ಕಾಕಾನ ಜೀವದ ಗೆಳೆಯ, ಸವಣೂರಿನ ದರ್ಜಿ ಸಾಬರು. ಮೊದಲ ದಿನ ಪಾಪ ಹಿಂಜರಿದು ನಿಂತಿದ್ದರಂತೆ. "ಆಚಾರ್ರ, ಇದನ್ನ ನಾ ಹಿಡೀಬಹುದೇನ್ರಿ?"

"ರೇಷ್ಮಿಗೆ ಮೈಲಿಗಿ ಇಲ್ಲೋ ಮಾರಾಯಾ! ನೀ ಕ್ಯಾಚ್ ಬಿಟ್ಟರಽ ಪಾಪ!"

ಸ್ವಿಂಗಿನ ಗುಟ್ಟನ್ನು ಕಂಡುಹಿಡಿದವರೂ ಆ ದರ್ಜಿಯೇ. "ಅವ್ವಾರ ಹೊಲಿಗಿ ಒಂದ ಕಡೆ ದಪ್ಪ ಬಂದೈತ್ರಿ. ಅದಕ್ಕಽ ಗಾಳ್ಯಾಗ ಹೊಳ್ಳತೈತಿ. ಬಿಚ್ಚಿ ಛಲೋತ್ನಂಗ ಹೊಲದು ಕೊಡ್ಲೇನು?"

"ಮುಟ್ಟಿದ್ರ ನೋಡು ಮತ್ತ!"

ಕಾಕಾ ಪ್ಯಾಂಟು ಹಾಕಿದವರೇ ಅಲ್ಲ. ಕಚ್ಚೆ ಹಾಕಿದ ಧೋತರದಲ್ಲೇ ಆ ಓಟ! ಹಿರೇಕೆರೂರಿನ ಮ್ಯಾಚಿನಲ್ಲಿ ಓಟದ ನಡುವೆ ಕಚ್ಚೆ ಸಡಿಲವಾಯಿತು. ಬೇರೆಯವರಾಗಿದ್ದರೆ ನಿಲ್ಲುತ್ತಿದ್ದರು. ಕಾಕಾ ಎಡಗೈಯಲ್ಲಿ ಮಾನ, ಬಲಗೈಯಲ್ಲಿ ಚೆಂಡು ಹಿಡಿದು ಓಡಿಯೇ ಬಂದರು. ಬ್ಯಾಟ್ಸ್‌ಮನ್ ಮರ್ಯಾದಸ್ಥ, ಕಣ್ಣು ಮುಚ್ಚಿಕೊಂಡ. ಬೌಲ್ಡ್!

ಹೀಗೆ ಮರ್ಯಾದಸ್ಥರನ್ನೆಲ್ಲ ಔಟ್ ಮಾಡಿ ಮುಗಿದ ಮೇಲೆ ಉಳಿದದ್ದು ಪರದೇಶ. ಅದಕ್ಕೆ ಸೆಕ್ರೆಟರಿ ಯಾರು? ನಾನೇ! ಹತ್ತು ವರ್ಷದ ಹುಡುಗಿ, ಆದರೆ ಇಂಗ್ಲಿಷ್ ಬಲ್ಲವಳು. ಹುಬ್ಬಳ್ಳಿಯಲ್ಲಿ ಮ್ಯಾಚುಗಳನ್ನು ಏರ್ಪಡಿಸುತ್ತಿದ್ದ ದೊಡ್ಡ ಮನುಷ್ಯರೊಬ್ಬರಿಗೆ ನನ್ನ ಗುಂಡು ಅಕ್ಷರದಲ್ಲಿ ಬರೆದೆ: "ರೆಸ್ಪೆಕ್ಟೆಡ್ ಸರ್, ಮೈ ಅಂಕಲ್ ಈಸ್ ವೆರಿ ಫಾಸ್ಟ್. ಹೀ ಈಸ್ ಆಲ್ಸೋ ವೆರಿ ಕ್ಲೀನ್." ಎರಡು ವರ್ಷ, ರಜೆಗೊಂದರಂತೆ ಪತ್ರ. ಕೊನೆಗೆ ಉತ್ತರ ಬಂತು! ಪರದೇಶದ ಟೀಮೊಂದು ಹುಬ್ಬಳ್ಳಿಯಲ್ಲಿ ಒಂದು ದಿನ ಫ್ರೆಂಡ್ಲಿ ಮ್ಯಾಚು ಆಡಲಿದೆ, ಹುಬ್ಬಳ್ಳಿಯವರ ಕಡೆಯಿಂದ ಬೌಲಿಂಗಿಗೆ ಬರಬೇಕು. ಭಾರೀ ಟೀಮೇನಲ್ಲ. ಆದರೆ ಪರದೇಶದ್ದು!

ಸುದ್ದಿ ಕೇಳಿ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಛಲೋ ಆಡಿದ್ರ ಹಡಗದಾಗ ಕರ್ಕೊಂಡು ಹೋಗ್ತಾರೇನು?"

"ಹೋಗಬಹುದವ್ವಾ!" ಎಂದರು ಕಾಕಾ ಹಿಗ್ಗಿನಿಂದ. ಸಮುದ್ರ ದಾಟಿದವನು ಮತ್ತೆ ಮನೆಯ ಪಂಕ್ತಿಗೆ ಬರುವಂತಿಲ್ಲ ಎಂದು ನಂಬಿದ್ದ ಅಜ್ಜಿ ಗವಸಿಗೆ ಹೊಸ ಹೊಲಿಗೆ ಹಾಕುತ್ತ ಕೂತಳು.

ಹಿಂದಿನ ದಿನವೇ ಹೊರಟೆವು. ಕಾಕಾ, ಮ್ಯಾನೇಜರ್ ಆಗಿ ದರ್ಜಿ, ಇಂಟರ್‌ಪ್ರಿಟರ್ ಆಗಿ ನಾನು! ಮೈದಾನದಲ್ಲಿ ಚೆಂಡು ಕಾಕಾನ ಕಾಲ ಬಳಿ ಉರುಳಿ ಬಂದದ್ದೇ ತಡ, ಅವರು ಸೊಂಟದಿಂದ ಗವಸು ತೆಗೆದು ಬೆರಳು ತಾಗದ ಹಾಗೆ ಅದಕ್ಕೆ ತೊಡಿಸತೊಡಗಿದರು. ಅಂಪೈರ್ ಓಡಿ ಬಂದ. "ವಾಟ್ ಈಸ್ ದಿಸ್? ಎ ಟೀ ಕೋಸಿ?" ಚಹಾದ ಕಿಟಲಿಗೆ ತೊಡಿಸುವ ಕುಲಾವಿಯಂತೆ! ಗವಸು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಬರಿಯ ಚೆಂಡನ್ನು ಕಾಕಾನ ಮುಂದೆ ಚಾಚಿದ.

ಕಾಕಾ ಗೆರೆಯಾಚೆ ನಿಂತಿದ್ದ ನನ್ನನ್ನು ಕರೆದರು. "ಕೂಸ, ಏನಂತಾನಽ ಇಂವಾ?"

"ಗವಸು ನಡಿಯೂದಿಲ್ಲಂತ ಕಾಕಾ. ಬರೇ ಚೆಂಡು ಹಾಕಬೇಕಂತ. ಇಲ್ಲಾಂದ್ರ ಹೊರಗ ಹೋಗಂತಾನ."

ಇಡೀ ಮೈದಾನವೇ ಕಾಯುತ್ತಿದೆ. ಆ ತುದಿಯಲ್ಲಿ ಸಿಪ್ಪೆ ಎದ್ದ ಮೂಗಿನವನು ಬ್ಯಾಟು ಕುಟ್ಟುತ್ತಿದ್ದಾನೆ. ಇಡೀ ಜನ್ಮದ ಆಸೆ ಇಪ್ಪತ್ತೆರಡು ಗಜದಾಚೆ! ಹುಬ್ಬಳ್ಳಿ ಟೀಮಿನ ಕ್ಯಾಪ್ಟನ್ ಸಿಡುಕಿದ: "ಹಾಕ್ತೀರೇನ್ರೀ ಮಾಸ್ತರ, ಇನ್ನೊಬ್ಬನ್ನ ಕರೀಲಿ?" ಕಾಕಾ ಬಲಗೈಯನ್ನು ಧೋತರಕ್ಕೆ ಒರೆಸಿಕೊಂಡರು. ಕೆಂಡ ತೆಗೆದುಕೊಳ್ಳುವವರ ಹಾಗೆ ಆ ಚೆಂಡನ್ನು ತೆಗೆದುಕೊಂಡರು.

ಮೊದಲನೆಯದು ಕೀಪರನನ್ನೂ ದಾಟಿ ಬೌಂಡರಿಗೆ ಹೋಯಿತು. ಎರಡನೆಯದನ್ನೂ ಮೂರನೆಯದನ್ನೂ ಆತ ಹೊಡೆದು ಅಟ್ಟಿದ. ಅಜ್ಜಿಯ ಹೊಲಿಗೆಯಿಲ್ಲದೆ ಚೆಂಡು ಹೊರಳುವುದನ್ನೇ ಮರೆತಿತ್ತು! ನಾಲ್ಕನೆಯದು ಹೇಗೋ ಕಳೆಯಿತು. ಐದನೆಯದಕ್ಕೆ ಕಾಕಾ ಸ್ವಿಂಗಿನ ಆಸೆ ಬಿಟ್ಟು, ಚೆಂಡನ್ನು ತೊಡೆಗೆ ಗಸಗಸ ತಿಕ್ಕಿ, ದೂರದಿಂದ ಓಡಿ ಬಂದು, ಇದ್ದ ಶಕ್ತಿಯನ್ನೆಲ್ಲ ಹಾಕಿ ನೇರವಾಗಿ ಒಗೆದರು. ನಡುವಿನ ಸ್ಟಂಪು ಗಾಳಿಯಲ್ಲಿ ಲಾಗ ಹಾಕಿತು!

"ವೆಲ್ ಬೌಲ್ಡ್, ಸರ್!" ಎಂದು ಆತ ಕೈ ಕುಲುಕಿ ಹೋದ. ಆರನೆಯದು ಎಲ್ಲಿ ಬಿತ್ತೋ ಕಾಕಾನಿಗೂ ನೆನಪಿಲ್ಲ. ಕ್ಯಾಪ್ಟನ್ ಇನ್ನೊಂದು ಓವರ್ ಕೊಡಲಿಲ್ಲ. ಊಟದ ಹೊತ್ತಿಗೂ ಕಾಯದೆ ಗವಸು ಇಸಿದುಕೊಂಡು ಬಸ್ಸು ಹತ್ತಿದೆವು.

ಗೆದ್ದವರ ಮುಖ ಹಾಗಿರುತ್ತದೆಯೇ? ಶಿಗ್ಗಾಂವಿ ದಾಟುವವರೆಗೂ ಕಾಕಾ ಬಲಗೈಯನ್ನು ಬಸ್ಸಿನ ಕಿಟಕಿಯ ಹೊರಗೇ ಚಾಚಿಕೊಂಡಿದ್ದರು. ಆಮೇಲೆ ದರ್ಜಿ ಮೆಲ್ಲಗೆ ಅಂದರು, "ಆಚಾರ್ರ, ನಾ ಏನೂ ನೋಡಿಲ್ರಿ. ಆ ಹೊತ್ತಿನ್ಯಾಗ ಚಾ ಕುಡಿಯಾಕ ಹೋಗಿದ್ನಿ." ಇಬ್ಬರೂ ನನ್ನ ಕಡೆ ನೋಡಿದರು. ನಾನು ಏನು ಮಾಡಲಿ? ಸುಳ್ಳು ಹೇಳಿದರೆ ಕಾನ್ವೆಂಟಿನ ಸಿಸ್ಟರ್‌ಗಳ ಹೆಲ್ ಒಂದು ಕಡೆ, ಅಜ್ಜಿಯ ನರಕ ಇನ್ನೊಂದು ಕಡೆ!

ಮನೆ ಮುಟ್ಟಿದಾಗ ಇಳಿಹೊತ್ತು. ಕಾಕಾ ಒಳಗೆ ಬರಲೇ ಇಲ್ಲ. ಹಿತ್ತಲ ಬಾವಿಯಲ್ಲಿ ಸ್ನಾನ ಮಾಡಿದರು. ಮತ್ತೆ ಮಾಡಿದರು. ಮೂರನೆಯ ಸಲವೂ ಮಾಡಿ, ಬೇರೆ ಧೋತರ ಉಟ್ಟು ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟರು.

"ಊಟಕ್ಕ ಏಳೋ," ಎಂದಳು ಅಜ್ಜಿ ಬಾಗಿಲಲ್ಲಿ ನಿಂತು.

"ಹಸಿವಿಲ್ಲವ್ವಾ."

ಬಾವಿಯ ಕಲ್ಲಿನ ಮೇಲೆ ಬಿಚ್ಚಿ ಹಾಕಿದ್ದ ಧೋತರದ ತೊಡೆಯ ಜಾಗದಲ್ಲಿ ಅಂಗೈ ಅಗಲ ಚೆಂಡಿನ ಕೆಂಪು ಬಣ್ಣ. ಅಜ್ಜಿ ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ.

"ಗವಸು ಯಾರು ಬಿಚ್ಚಿದ್ರು? ನೀನೇನು?"

"ಇಲ್ಲವ್ವಾ. ಅಂಪೈರ್."

"ಹಂಗಾದ್ರ ಪಾಪ ಅವಂದು," ಎಂದುಬಿಟ್ಟಳು ಅಜ್ಜಿ, ಶಾಸ್ತ್ರಿಗಳ ಮಗಳು! ಆಮೇಲೆ ದನಿ ಸಣ್ಣದಾಯಿತು. "ಮತ್ತ... ಹಡಗಾ?"

"ಇಲ್ಲವ್ವಾ. ಇನ್ನ ನನ್ನ ಯಾರೂ ಕರಿಯೂದಿಲ್ಲ."

"ಖರೇನಽ?"

"ಖರೇ ಅವ್ವಾ."

ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಮೆಲ್ಲಗೆ ಕುಸಿದು ಕೂತಳು. ನಾವು ಹೊರಟಾಗಿನಿಂದ ಆಕೆ ಬಾಯಿಗೆ ಏನೂ ಹಾಕಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಆ ಒಪ್ಪತ್ತಿನ ಅನ್ನವೂ ಇಲ್ಲ.

"ಕೂಸ," ಎಂದಳು ನನಗೆ, "ಎರಡ ಎಲಿ ಹಾಕು. ಮಗ್ಗಲಕ್ಕ ಮಗ್ಗಲ."

ಎಲ್ಲರದೂ ಮುಗಿದ ಮೇಲೆ ಒಬ್ಬಳೇ ಉಣ್ಣುತ್ತಿದ್ದ ಅಜ್ಜಿ ಅಂದು ಮಗನ ಪಕ್ಕದಲ್ಲಿ ಕೂತಳು. ಕಾಕಾ ತಾಯಿಗೆ ಬಡಿಸಲೆಂದು ತುಪ್ಪದ ಗಿಂಡಿ ಎತ್ತಿಕೊಂಡರು, ಅದೇ ಬಲಗೈಯಲ್ಲಿ. ಒಂದು ಕ್ಷಣ ಅನುಮಾನಿಸಿದರು. ಅಜ್ಜಿ ತನ್ನ ಎಲೆಯನ್ನು ಅವರ ಕಡೆಗೆ ಸರಿಸಿದಳು.