ಫಣಿರಾಜನ ನಾರಿಕೇಳೋದ್ಧರಣ

ಗರುಡನೂ ಪುಷ್ಪಕವೂ ನಿವೃತ್ತರಾಗಿ, ಗಗನವೆಲ್ಲ ಬ್ಯಾಟರಿಯ ಪಾಲಾದ ಈ ಕಲಿಯುಗದಲ್ಲಿ, ಕಲ್ಪವೃಕ್ಷಚ್ಛಾಯಾಶೀತಲವಾದ ತಿಪಟೂರು ಪಟ್ಟಣದಲ್ಲಿ, ಸಹಕಾರಿಬ್ಯಾಂಕ್‌ಗುಮಾಸ್ತಕುಲಾವತಂಸನೂ ಡ್ರೋನ್‌ವಿದ್ಯಾವಿಶಾರದನೂ ಆದ ಫಣಿರಾಜನೆಂಬ ವೀರನಿದ್ದನು. ಹೇ ವಾಗ್ದೇವಿ, ಅವನು ತೆಂಗಿನಕಾಯಿ ಎತ್ತಿದ ಮಹಾಕಥೆಯನ್ನು ಹೇಳಹೊರಟಿದ್ದೇನೆ, ನನ್ನ ನಾಲಗೆಯ ಮೇಲೆ ಬಂದು ನಿಲ್ಲು. ಆದರೆ ತಾಯೀ, ತಲೆ ಜೋಪಾನ!

ಯುದ್ಧಕ್ಕೆ ಕಾರಣ ಇಷ್ಟೆ. ಅವನ ಅಕ್ಕನ ಗಂಡ, ಎದುರುಮನೆಯ ನಿವಾಸಿ, ಕೊಬ್ಬರಿ ಮಂಡಿಯ ಒಡೆಯ, ವ್ಯಂಗ್ಯಬಾಣಾಕ್ಷಯತೂಣೀರನಾದ ವೆಂಕಟಾಚಲನು, ಫಣಿರಾಜನ ನಾಲ್ಕು ಮೋಟಾರಿನ ಡ್ರೋನು ಸುಲಿದ ಕಾಯೊಂದನ್ನು ಎತ್ತಲಾರದೆ ತಾರಸಿಯ ಮೇಲೆ ಗೊರಗುಟ್ಟುತ್ತಿದ್ದುದನ್ನು ಕಂಡು ಬೀದಿಯೆಲ್ಲ ಕೇಳುವಂತೆ ನಕ್ಕುಬಿಟ್ಟನು.

“ಅಲ್ಲಯ್ಯ ಫಣಿ, ಸೊಳ್ಳೆ ಕೈಲಿ ಮೂಟೆ ಹೊರಿಸ್ತಿದ್ದೀಯಲ್ಲ! ಇದನ್ನ ಬಿಸಾಕಿ ಭಾನುವಾರ ನಮ್ಮ ಮಂಡಿಗಾದ್ರೂ ಬಾ.”

ಪದಾಹತಸರ್ಪದಂತೆ ಬುಸುಗುಟ್ಟಿದ ಫಣಿರಾಜನು ಬಲಗೈಯ ರಿಮೋಟನ್ನು ಗದೆಯಂತೆ ಎತ್ತಿಹಿಡಿದು ಗರ್ಜಿಸಿದನು: “ಕೇಳಿ ಭಾವ! ಸೂರ್ಯ ಚಂದ್ರರ ಸಾಕ್ಷಿಯಾಗಿ ಹೇಳ್ತಿದ್ದೀನಿ. ಇದಕ್ಕೆ ಆರು ಮೋಟಾರು ಕಟ್ತೀನಿ. ನಮ್ಮ ತಾರಸಿಯಿಂದ ನಿಮ್ಮ ತಾರಸಿಗೆ ಕಾಯಿ ಹಾರ್ಲಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ರಿಮೋಟ್ ಮುಟ್ಟಲ್ಲ. ನಿಮ್ಮ ಮಂಡೀಲೇ ಬಿದ್ದಿರ್ತೀನಿ!”

ಗರ್ಜಿಸಿದ ಮರುಕ್ಷಣವೇ ವೀರನು ಗದೆಯನ್ನು ಇಳಿಸಿ, ಕೈಯ ರಿಮೋಟನ್ನೇ ನೋಡಿಕೊಂಡನು. ವಾರವೆಲ್ಲ ಕೌಂಟರಿನ ಹಿಂದೆ ತಲೆ ತಗ್ಗಿಸಿ ಕೂರುವವನಿಗೆ ತಲೆಯೆತ್ತಿ ನೋಡಲು ಇದ್ದ ಸುಖ ಆ ಡ್ರೋನೊಂದೇ. ಅದನ್ನೇ ಪಣಕ್ಕಿಟ್ಟುಬಿಟ್ಟಿದ್ದನು.

ಆಮೇಲೆ ಶುರುವಾಯಿತು ನೋಡಿ ಆಯುಧನಿರ್ಮಾಣ. ಹಳೆಯ ಚೌಕಟ್ಟು ಹೋಗಿ ಆರು ತೋಳಿನದು ಬಂತು. ಬೆಸುಗೆಯ ಹೊಗೆ ಹೋಮಧೂಮದಂತೆ ನಡುಮನೆಯನ್ನು ತುಂಬಿತು. ಪಕ್ಕಪಕ್ಕದ ಮೋಟಾರುಗಳು ಒಂದು ಬಲಕ್ಕೆ, ಒಂದು ಎಡಕ್ಕೆ ತಿರುಗಬೇಕೆಂಬ ಶಾಸ್ತ್ರದಂತೆ ಎಲ್ಲವನ್ನೂ ಜೋಡಿಸಿ, ಫಣಿರಾಜನು ತಾರಸಿಯ ಬೀಗದ ಕೈಗಾಗಿ ಸೋದರತ್ತೆ ನಾಗಲಾಂಬೆಯ ಮುಂದೆ ನಿಂತನು. ದಿನವೂ ತುಳಸಿಗೆ ಪ್ರದಕ್ಷಿಣೆ ಬಂದಲ್ಲದೆ ಕಾಫಿ ಮುಟ್ಟದ ಆ ಮಹಾಮಾತೆಯು ರೆಕ್ಕೆಗಳು ತಿರುಗುವುದನ್ನು ಕಣ್ಣಿಟ್ಟು ನೋಡಿದಳು.

“ಇದೇನೋ ಫಣಿ, ಮೂರು ಅಪ್ರದಕ್ಷಿಣೆ ಸುತ್ತುತ್ತಿವೆ?”

“ಅದು ಹಾಗೇ ಇರ್ಬೇಕು ಅತ್ತೆ. ಇಲ್ಲಾಂದ್ರೆ…”

“ಮನೆ ಮೇಲೆ ಅಪ್ರದಕ್ಷಿಣೆನಾ? ಆರೂ ಬಲಕ್ಕೆ ಬರ್ಲಿ. ಆಮೇಲೆ ಬೀಗದ ಕೈ ಕೇಳು.”

ಎದುರು ತಾರಸಿಯಲ್ಲಿ ಭಾವ ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದನು. ವೀರನು ಶಾಸ್ತ್ರವನ್ನು ಬದಿಗಿಟ್ಟನು. ತಂತಿಗಳನ್ನು ಅದಲುಬದಲು ಮಾಡಿ, ರೆಕ್ಕೆಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಿ, ಆರನ್ನೂ ಪ್ರದಕ್ಷಿಣೆಗೆ ಹಚ್ಚಿದನು. ಅತ್ತೆ ಕುಂಕುಮವಿಟ್ಟು ತಾರಸಿಯ ಬಾಗಿಲು ತೆರೆದು ತಾನೂ ಮೇಲೆ ಬಂದಳು.

ಆಹಾ, ಏನೆಂದು ಬಣ್ಣಿಸಲಿ! ಷಣ್ಮೋಟಾರಘೋಷಕ್ಕೆ ಕಾಗೆಗಳು ಚದುರಿದವು, ನೀರಿನ ತೊಟ್ಟಿಯ ಮುಚ್ಚಳ ನಡುಗಿತು, ಬಲೆಚೀಲದಲ್ಲಿ ತೂಗುಬಿದ್ದ ಕಾಯಿ ಮೆಲ್ಲಗೆ ನೆಲ ಬಿಟ್ಟಿತು. “ಎದ್ದಿತು!” ಎಂದು ಫಣಿರಾಜನು ಕೂಗಿದನು; ಅವನ ಕಣ್ಣಲ್ಲಿ ನಿಜಕ್ಕೂ ನೀರು ಬಂದಿತ್ತು. ಅಷ್ಟರಲ್ಲಿ, ರೆಕ್ಕೆಗಳೆಲ್ಲ ಬಲಕ್ಕೆ ತಿರುಗಿದ ಬಿರುಸಿಗೆ ಡ್ರೋನಿನ ಮೈಯೇ ಎಡಕ್ಕೆ ತಿರುಗತೊಡಗಿತು. ತಿರುಗಿ, ಗಿರಗಿರನೆ ತಿರುಗಿ, ಹುಚ್ಚು ಬುಗುರಿಯಾಯಿತು. ಕಾಯಿ ಕವಣೆಕಲ್ಲಿನಂತೆ ಸುತ್ತಿ, ದಾರ ಹರಿದು, ಬೀದಿಯನ್ನು ದಾಟಿ, ಭಾವನ ಕುರ್ಚಿಯ ಮುಂದೆ ಫಟ್ಟೆಂದು ಎರಡು ಹೋಳಾಯಿತು. ಡ್ರೋನು ಅತ್ತೆಯ ಒಣಹಾಕಿದ ಸೀರೆಯೊಳಗೆ ಮೂರ್ಛೆಹೋಯಿತು.

“ಇದು ಹಾರಿದ್ದಲ್ಲ, ಎಸೆದದ್ದು!” ಎಂದು ಭಾವ ಕುರ್ಚಿಯ ಹಿಂದಿನಿಂದ ಕಿರುಚಿದನು.

“ನಮ್ಮ ತಾರಸಿಯಿಂದ ನಿಮ್ಮ ತಾರಸಿಗೆ ಹಾರ್ತೋ ಇಲ್ವೋ ಅಳಿಯಂದ್ರೆ?” ಎಂದಳು ನಾಗಲಾಂಬೆ. “ಒಡೆದೂ ಆಯ್ತು. ಶುಭ. ಒಳಗೆ ಕೊಡಿ, ಚಟ್ನಿಗಾಗುತ್ತೆ.”

ಭಾವ ಎರಡು ಹೋಳುಗಳನ್ನೂ ಎತ್ತಿಕೊಂಡು ಒಳಗೆ ನಡೆದನು. ಹೀಗೆ ಒಂದು ತೆಂಗಿನಕಾಯಿ ಎದುರುಮನೆ ಸೇರಿತು. ರಸ್ತೆ ದಾಟಿ ಕೈಯಲ್ಲೇ ಕೊಟ್ಟುಬಂದಿದ್ದರೂ ಸೇರುತ್ತಿತ್ತು.

ಗೆದ್ದ ವೀರನು ಸೀರೆ ಬಿಡಿಸುತ್ತ ಕೂತು, ರೆಕ್ಕೆ ಬಲಕ್ಕೆ ಹೋದರೆ ಮೈ ಎಡಕ್ಕೆ ಹೋಗುವ ಗುಟ್ಟನ್ನು ಅತ್ತೆಗೆ ಬಿಡಿಸಿ ಹೇಳಿದನು. ಇನ್ನಾದರೂ ಮೂರು ಬಲಕ್ಕೆ, ಮೂರು ಎಡಕ್ಕೆ ಒಪ್ಪಿಯಾಳೆಂಬ ಆಸೆ ಅವನಿಗೆ. ಅತ್ತೆ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸಿದಳು.

“ಅದನ್ನ ಮೊದಲೇ ಹೇಳೋದಲ್ವೇನೋ? ಹಾಗಾದ್ರೆ ಆರನ್ನೂ ಎಡಕ್ಕೆ ಹಾಕು. ಮೈ ಪ್ರದಕ್ಷಿಣೆ ಬರುತ್ತೆ.”

“ಆಗ್ಲಿ ಅತ್ತೆ,” ಎಂದು ಫಣಿರಾಜನು ಸ್ಕ್ರೂಡ್ರೈವರ್ ಹುಡುಕಲು ಕೆಳಗಿಳಿದನು.