ಕೈಗವಸಿಗೊಪ್ಪುವ ಚಾಕು

ಈ ಲೋಕವನ್ನು ಬರಿಗೈಯವರಿಗಾಗಿಯೇ ಮಾಡಿದ್ದಾರೆ ಎಂಬುದು ದಪ್ಪ ಕೈಗವಸು ಹಾಕಿಕೊಂಡವರಿಗೆ ಮಾತ್ರ ಗೊತ್ತಾಗುತ್ತದೆ. ಅಂಗಿಯ ಗುಂಡಿ, ಬಾಗಿಲ ಚಿಲಕ, ಮೊಬೈಲು, ಮೂಗಿನ ತುದಿಯ ತುರಿಕೆ, ಇವು ಯಾವುವೂ ನಮ್ಮಂಥವರನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ನಾನು ನಿಪ್ಪಾಣಿ ಹತ್ತಿರದ ಬೋರಗಾಂವದ ಕಡೆ ಕರೆಂಟಿನ ಲೈನ್‌ಮನ್. ಒಳಗೊಂದು ರಬ್ಬರಿನ ಕೈಗವಸು, ಅದರ ಮೇಲೆ ಚರ್ಮದ್ದೊಂದು. ಎರಡನ್ನೂ ಹಾಕಿಕೊಂಡರೆ ಯಾವುದೋ ಕರಡಿಯ ಕೈಯನ್ನು ಸ್ವಲ್ಪ ಹೊತ್ತಿಗೆ ಇಸಿದುಕೊಂಡು ಬಂದ ಹಾಗಿರುತ್ತದೆ. ಈ ಕೈಯಿಂದ ತೆರೆಯಲು ಬರುವ ಒಂದು ಮಡಚು ಚಾಕನ್ನು ಹುಡುಕುವುದರಲ್ಲಿ ನನ್ನ ಒಂದು ಚಳಿಗಾಲವೇ ಹೋಯಿತು. ಮಡಚು ಚಾಕೇ ಯಾಕೆ, ಉದ್ದನೆಯದೊಂದನ್ನು ಸೊಂಟಕ್ಕೆ ಸಿಗಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಹಾಗೆ ಸಿಗಿಸಿಕೊಂಡು ಕಂಬ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮೈಮೇಲೆ ಸಾಕ್ಷಿಯಿದೆ. ಆದರೆ ಅದು ನಾಲ್ಕು ಜನರಿಗೆ ತೋರಿಸುವಂಥ ಜಾಗದಲ್ಲಿಲ್ಲ.

ಮೊದಲು ನಾನು ಚಾಕಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವನಲ್ಲ. ತಲೆ ಕೆಡುವಂತೆ ಮಾಡಿದ್ದು ಮಿಲಿಂದನಿಗೆ ಆದದ್ದು. ಮಿಲಿಂದ ನನ್ನ ಜೊತೆಗಾರ, ವಯಸ್ಸಿನಲ್ಲಿ ನನಗಿಂತ ಸಣ್ಣವನು. ಮನೆಯಲ್ಲಿ ಮರಾಠಿ, ಕಂಬದ ಮೇಲೆ ಕನ್ನಡ, ಸಿಟ್ಟು ಬಂದರೆ ಹಿಂದಿ. ಅವನು ಕಂಬ ಹತ್ತುವುದನ್ನು ನೋಡಿದರೆ ಅವನು ಏರುತ್ತಿದ್ದಾನೋ ಕಂಬವೇ ಕೆಳಗಿಳಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮಗ್ಗದ ಓಣಿಯಲ್ಲಿ ಲೈನು ಬಂದ್ ಮಾಡಿಸಿ ಅವನು ಮೇಲೆ ಹತ್ತಿದ. ನಾನು ಕೆಳಗೆ ಹಗ್ಗ ಹಿಡಿದು ನಿಂತಿದ್ದೆ. ವೈರಿನ ಸಿಪ್ಪೆ ಸುಲಿಯಬೇಕಿತ್ತು. ಮಡಚು ಚಾಕಿನ ಅಲಗಿನಲ್ಲಿ ಉಗುರು ಸಿಗಿಸಲು ಒಂದು ಸಣ್ಣ ಗೀರು ಇರುತ್ತದೆ; ಕೈಗವಸಿಗೆ ಉಗುರು ಇರುವುದಿಲ್ಲ. ಆದ್ದರಿಂದ ನಾವೆಲ್ಲರೂ ಮಾಡುತ್ತಿದ್ದ ಹಾಗೆ ಅವನೂ ಬಲಗೈಯದನ್ನು ತೆಗೆದು ಬಗಲಲ್ಲಿ ಇಟ್ಟುಕೊಂಡ. ಅದೇ ಹೊತ್ತಿಗೆ ಯಾರೋ ಪುಣ್ಯಾತ್ಮರು ತಮ್ಮ ಜನರೇಟರ್ ಚಾಲೂ ಮಾಡಿದರು. ಸತ್ತುಬಿದ್ದಿದ್ದ ಲೈನಿಗೆ ಹಿಂದಿನಿಂದ ಕರೆಂಟು ಹರಿಯಿತು. ಮೇಲಿನಿಂದ ಮೊದಲು ಕೈಗವಸು ಬಿತ್ತು. "ಏ, ಗ್ಲೋಜ್ ಬಿತ್ತಲ್ಲೋ" ಎಂದು ನಾನು ತಲೆಯೆತ್ತಿದಾಗ ಅವನು ಸೊಂಟದ ಪಟ್ಟಿಗೆ ಜೋತುಬಿದ್ದಿದ್ದ.

ಮಿರಜದ ಡಾಕ್ಟರರು ಜೀವ ಉಳಿಸಿದರು. ಬಲಗೈಯ ಹೆಬ್ಬೆರಳು ಉಳಿಯಲಿಲ್ಲ, ಪಕ್ಕದ ಬೆರಳು ಮಡಚಲು ಬಾರದಂತಾಯಿತು. ವಿಚಾರಣೆಗೆ ಬಂದ ಸಾಹೇಬರು ನನ್ನನ್ನು ಎದುರು ಕೂಡಿಸಿಕೊಂಡರು.

"ಗ್ಲೋಜ್ ಯಾಕ ತೆಗೆದಾ?"

"ಚಾಕು ತೆರಿಯಾಕ್ರಿ."

"ಚಾಕು ಯಾಕ ಬೇಕಾತು?"

"ವೈರ್ ಸುಲಿಯಾಕ್ರಿ."

"ವೈರ್ ಸುಲಿಯೂ ಮುಂದ ಗ್ಲೋಜ್ ಇರಬೇಕೋ ಬ್ಯಾಡೋ?"

"ಇರಬೇಕ್ರಿ. ಆದ್ರ ಇದ್ರ ಚಾಕು ತೆರಿಯಂಗಿಲ್ರಿ."

"ಹಂಗಾರ ಗ್ಲೋಜ್ ಯಾಕ ತೆಗೆದಾ?"

ಹೀಗೆ ನಾವಿಬ್ಬರೂ ಗಾಣದ ಎತ್ತಿನಂತೆ ಬಹಳ ಹೊತ್ತು ಸುತ್ತಿದೆವು. ಕೊನೆಗೆ ಸಾಹೇಬರು ಚಹಾ ಕುಡಿದು, ಇನ್ನು ಮೇಲೆ ಕಂಬದ ಮೇಲೆ ಯಾರೂ ಯಾವ ಕಾರಣಕ್ಕೂ ಕೈಗವಸು ತೆಗೆಯಬಾರದು, ಕೈಗವಸು ಇಲ್ಲದವನು ಕಂಬ ಹತ್ತಲೇಬಾರದು ಎಂದು ಹುಕುಂ ಮಾಡಿ ಹೋದರು. ಹುಕುಂ ಸರಿಯಾಗಿಯೇ ಇತ್ತು. ಚಾಕಿನ ಮಾತು ಮಾತ್ರ ಹಾಗೇ ಉಳಿಯಿತು. ಅದನ್ನು ನಾನು ನನ್ನ ತಲೆಗೆ ಕಟ್ಟಿಕೊಂಡೆ. ನನಗೂ ಮೇಲೆ ಹತ್ತುವುದಿತ್ತು ನೋಡಿ. ಹತ್ತಿದಾಗಲೆಲ್ಲ ಕೆಳಗೆ ಬೀಳುತ್ತಿದ್ದ ಆ ಕೈಗವಸು ಕಣ್ಣೆದುರು ಬರುತ್ತಿತ್ತು.

ಮನೆಯಲ್ಲಿ ತಾಲೀಮು ಶುರುವಾಯಿತು. ಊರಲ್ಲಿ ಸಿಕ್ಕ ಮಡಚು ಚಾಕುಗಳನ್ನೆಲ್ಲ ತಂದು, ಕೈಗವಸು ಹಾಕಿಕೊಂಡು ಜಗಲಿಯ ಮೇಲೆ ಕೂತು ಒಂದೊಂದನ್ನೇ ತೆರೆಯಲು ಹೆಣಗಿದೆ. ಹೆಂಡತಿ ಮಹಾದೇವಿ ಎರಡು ದಿನ ಸುಮ್ಮನೆ ನೋಡಿದಳು. ನಾನು ಅದೇ ಕೈಗಳಿಂದ ಅವಳ ಸೌತೆಕಾಯಿ ಹೆಚ್ಚಲು ಹೋದಾಗ ತಡೆಯಲಾರದೆ, "ನಿಮ್ಮ ಕಂಬದ ಮ್ಯಾಲಿನ ಎಣ್ಣಿ, ಹೊಲಸು ಎಲ್ಲಾ ನಮ್ಮ ಪಚಡ್ಯಾಗ ಹಾಕ್ತೀರೇನ್ರಿ? ಊಟಕ್ಕ ಕುಂತಾಗರ ಅವನ್ನ ತೆಗಿರಿ" ಎಂದಳು. ನಾನು ಗಂಭೀರವಾಗಿ, "ತೆಗಿಯಂಗಿಲ್ಲ, ಸಾಹೇಬ್ರ ಹುಕುಂ ಐತಿ" ಎಂದೆ. ಅವಳು ನಗಲಿಲ್ಲ. ಮಿಲಿಂದನ ಹೆಂಡತಿ ಅವತ್ತು ಬೆಳಿಗ್ಗೆಯಷ್ಟೇ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿ ಹೋಗಿದ್ದಳಂತೆ. ಗಂಡ ಯಾರೊಂದಿಗೂ ಕೂತು ಊಟ ಮಾಡುವುದಿಲ್ಲ, ಮದುವೆ ಮನೆಯಲ್ಲಿ ಕೈಗೆ ಕರವಸ್ತ್ರ ಸುತ್ತಿಕೊಂಡು ಮೂಲೆಯಲ್ಲಿ ನಿಲ್ಲುತ್ತಾನೆ ಎಂದು. ಆ ದಿನದ ಸೌತೆಕಾಯಿ ಯಾರಿಗೂ ರುಚಿಸಲಿಲ್ಲ.

ಅಥಣಿಯ ಕಡೆ ದ್ರಾಕ್ಷಿ ತೋಟವಿರುವ ನನ್ನ ಭಾವ ತನ್ನ ಕಸಿ ಕಟ್ಟುವ ಚಾಕು ಕಳಿಸಿದ. ನಾಜೂಕಾದ ಚಾಕು; ನನ್ನ ಅಂಗೈಯಲ್ಲಿ ಅದು ಎಲ್ಲಿದೆ ಎಂದು ಹುಡುಕುವುದರಲ್ಲೇ ಸಾಕಾಯಿತು. ಮೊಬೈಲಿನಲ್ಲಿ ತರಿಸಿದ ಇನ್ನೊಂದಕ್ಕೆ ಗುಂಡಿಯಿತ್ತು. ಕೈಗವಸಿನ ಬೆರಳಿಗೆ ಆ ಗುಂಡಿ ಸಿಗಲೇ ಇಲ್ಲ. ಆದರೆ ಚಿಕ್ಕೋಡಿಯ ಬಸ್ಸಿನಲ್ಲಿ ಕೂರುವಾಗ ನನ್ನ ಪ್ಯಾಂಟಿನ ಕಿಸೆಯಲ್ಲಿ ಅದು ತಾನಾಗಿಯೇ ಚಂಗನೆ ತೆರೆದುಕೊಂಡಿತು. ಚಿಕ್ಕೋಡಿ ಮುಟ್ಟುವತನಕ ನಿಂತೇ ಪ್ರಯಾಣ ಮಾಡಿದೆ. ಪಕ್ಕದವರೊಬ್ಬರು ಮೂಲವ್ಯಾಧಿಗೆ ಔಷಧ ಹೇಳಿದರು. ಕೇಳಿಕೊಂಡೆ, ಮುಂದೆಂದಾದರೂ ಬೇಕಾದೀತು.

ಕಡೆಗೆ ನಿಪ್ಪಾಣಿಯ ಪೇಟೆಯಲ್ಲಿ ಕೆಲಸದ ಹತ್ಯಾರಗಳನ್ನು ಮಾರುವ ಒಂದು ದೊಡ್ಡ ಅಂಗಡಿಗೆ ಹೋಗುವುದೆಂದು ನಿಶ್ಚಯಿಸಿ ಮಿಲಿಂದನನ್ನೂ ಹೊರಡಿಸಿದೆ. ಅವನಿಗೆ ಆಗ ಸೆಕ್ಷನ್ ಆಫೀಸಿನಲ್ಲಿ ದೂರಿನ ಫೋನು ಎತ್ತುವ ಕೆಲಸ ಕೊಟ್ಟಿದ್ದರು. ದಿನವಿಡೀ ಊರಿನವರ ಬೈಗುಳ ಕೇಳಿ ಕೇಳಿ ಅವನ ಮುಖ ಕಪ್ಪಿಟ್ಟಿತ್ತು. "ನನಗ್ಯಾಕ ಅಣ್ಣಾ ಚಾಕು? ಫೋನ್ ಏನ ಸುಲಿಯೂದೈತೇನ?" ಎಂದ. ಆದರೂ ಬಂದ.

ಅಂಗಡಿಯ ಮಾಲಕರು ಹಿರಿಯರು, ಮಾತಿನ ಮನುಷ್ಯ. ನಾನು ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡು, "ಇವನ್ನ ಹಾಕ್ಕೊಂಡ ತೆರಿಯಾಕ ಬರೂ ಹಂತಾ ಚಾಕು ಬೇಕ್ರಿ" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಕ್ಕರು.

"ಯಾಕ್ರಿ ದಾದಾ, ಬೆರಳಿನ ಗುರ್ತು ಉಳೀಬಾರ್ದೇನ್ರಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಿಲಿಂದ ಕರವಸ್ತ್ರ ಬಿಚ್ಚಿ ತನ್ನ ಬಲಗೈಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. "ಬೆರಳ ಉಳೀಲಿಲ್ರಿ ಮಾಲಕ, ಗುರ್ತಿಂದು ಏನ್ ತಗೊಂಡ್ ಕುಂತೀರಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಮಾಲಕರು ಆ ಕೈಯನ್ನು ನೋಡಿ, "ಅರೇ ದೇವಾ" ಎಂದು ಎದ್ದು ಒಳಗೆ ಹೋದರು. ಬರುವಾಗ ಅಂಗಡಿಯಲ್ಲಿದ್ದ ಮಡಚು ಚಾಕುಗಳನ್ನೆಲ್ಲ ದೊಡ್ಡ ತಟ್ಟೆಯಂಥ ಒಂದು ಪರಾತದಲ್ಲಿ ಹೊತ್ತು ತಂದರು.

ನಾನು ಕೈಗವಸಿನಿಂದ ಒಂದೊಂದನ್ನೇ ಎತ್ತಿ ಬೀಳಿಸತೊಡಗಿದೆ. ಮಿಲಿಂದ ನೋಡಿ ನೋಡಿ, "ಸರಿ ಅಣ್ಣಾ, ಇಲ್ಲಿ ಕೊಡು. ನಿಂದು ಹಾಕ್ಕೊಂಡ ಗ್ಲೋಜು, ನಂದು ಕಾಯಂ ಗ್ಲೋಜು. ಈ ಕೈಲೆ ತೆರದ್ರ ಎದರಾಗ ಬೇಕಾದ್ರೂ ತೆರೀತೈತಿ" ಎಂದು ಪರಾತವನ್ನು ತನ್ನ ಕಡೆಗೆ ಎಳೆದುಕೊಂಡ. ಉಗುರುಗೀರಿನವು ಮೊದಲಿಗೇ ಬದಿಗೆ ಹೋದವು. ಹಿಡಿಕೆ ಸಣ್ಣದಿದ್ದವು, ನುಣುಪಾಗಿದ್ದವು ಜಾರಿದವು. ಮಾಲಕರು ತಾವೂ ಕಣ್ಣು ಕಿರಿದು ಮಾಡಿ, "ಹೇ ಬಘಾ, ಇದನ್ನ ನೋಡ್ರಿ" ಎಂದು ಕೊಡುತ್ತಿದ್ದರು. ಪರಾತದ ತಳದಲ್ಲಿ ಒಂದು ಒಡ್ಡೊಡ್ಡಾದ ಚಾಕು ಸಿಕ್ಕಿತು. ಅಗಲವಾದ ಒರಟು ಹಿಡಿಕೆ. ಅಲಗಿನಲ್ಲಿ ಬೆರಳು ಊರುವಷ್ಟು ದೊಡ್ಡ ತೂತು. ಮಿಲಿಂದ ಅದನ್ನು ಅಂಗೈಯಲ್ಲಿ ಅವುಚಿಕೊಂಡು ಆ ಸೆಟೆದ ಬೆರಳನ್ನು ತೂತಿಗೆ ಒತ್ತಿ ಮಣಿಕಟ್ಟು ತಿರುವಿದ. ಅಲಗು ಟಕ್ಕೆಂದು ತೆರೆದು ನಿಂತಿತು. ಅವನು ಅದನ್ನು ನೋಡುತ್ತ ಕೂತ. ಎಡಗೈಯಿಂದ ಮಡಚಿ ಮತ್ತೆ ತೆರೆದ. ಮಾಲಕರು ಪೇರಲಹಣ್ಣು ತರಿಸಿ ಅವನ ಮುಂದೆ ಇಟ್ಟರು. ಮಿಲಿಂದ ಹೋಳು ಮಾಡಿ ಎಲ್ಲರಿಗೂ ಕೊಟ್ಟ, ಬಲಗೈಯಿಂದಲೇ ಕೊಟ್ಟ. ನಾನು ನನ್ನ ಹೋಳನ್ನು ಕೈಯಲ್ಲೇ ಹಿಡಿದು, "ಬೀಜ ಭಾಳ ಅದಾವ" ಎಂದು ಆಚೆ ಹೋಗಿ ನಿಂತೆ.

ಅಂಥದೇ ಎರಡು ತೆಗೆದುಕೊಂಡೆವು. ಮರುವಾರ ಕಬ್ಬಿನ ಗದ್ದೆಯ ಪಕ್ಕದ ಕಂಬ ಹತ್ತಿ, ಎರಡೂ ಪದರ ಕೈಗವಸಿನಲ್ಲಿ ನಾನು ಚಾಕು ತೆರೆದೆ. ಟಕ್! ಕೆಳಗಿದ್ದ ಜೊತೆಗಾರರು ಚಪ್ಪಾಳೆ ತಟ್ಟಿದರು. ವೈರನ್ನು ಬಾಳೆಹಣ್ಣಿನಂತೆ ಸುಲಿದೆ. ಅಷ್ಟು ಸಂತೋಷದಿಂದ ನಾನು ಕಂಬದ ಮೇಲೆ ಎಂದೂ ಇದ್ದವನಲ್ಲ. ಆಮೇಲೆ ಚಾಕು ಮಡಚಿದೆ. ಅಂಗಡಿಯಲ್ಲಿ ತೆರೆಯುವುದನ್ನಷ್ಟೇ ಪರೀಕ್ಷಿಸಿದ್ದೆವು. ದಪ್ಪ ಕೈಗವಸಿನಲ್ಲಿ ಮಡಚುವುದನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಲಗು ಎಲ್ಲಿದೆ, ಬೆರಳು ಎಲ್ಲಿದೆ ಎಂಬುದು ಕೈಗೆ ತಿಳಿಯಲಿಲ್ಲ. ಬೆರಳು ಉಳಿಯಿತು. ಚರ್ಮ, ಅದರ ಕೆಳಗಿನ ರಬ್ಬರು ಎರಡೂ ಕಿವಿಯಿಂದ ಕಿವಿಯವರೆಗೆ ನಗುವ ಹಾಗೆ ಬಾಯಿ ತೆರೆದವು.

ಸೀಳಿದ ಕೈಗವಸಿನವನು ಕಂಬ ಹತ್ತುವ ಹಾಗಿಲ್ಲ. ಹೊಸದು ಬರಬೇಕು, ಬರುತ್ತದಂತೆ. ಅಲ್ಲಿಯವರೆಗೆ ನಾನೂ ಸೆಕ್ಷನ್ ಆಫೀಸಿನಲ್ಲಿ ಮಿಲಿಂದನ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡಿದ್ದೇನೆ. ನನ್ನ ಕಥೆ ಕೇಳಿ ಅವನು ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಮಳೆಗಾಲದಿಂದೀಚೆಗೆ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನು ನನ್ನ ಕಡೆಗೆ ಸರಿಸಿದ. ಆ ಕಡೆಯಿಂದ ಒಬ್ಬ ಹೆಣ್ಣುಮಗಳು, "ಮುಂಜಾನಿಂದ ಕರೆಂಟ್ ಇಲ್ರಿ, ಲೈನ್‌ಮನ್ ಎಲ್ಲಿ ಸತ್ತಾನ್ರಿ?" ಎಂದು ಕೂಗಿದಳು.

ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತು, "ಹೊಂಟಾನ್ರಿ ಬಾಯಾರ, ದಾರ್‍ಯಾಗ ಅದಾನ" ಎಂದೆ.